ಲಂಡನ್ನಿನ ವಿಂಬಲ್ಡನ್ ಟೆನಿಸ್‌ಗೆ ಸುಮ್ನೆ ಹೋಗ್ಬರೋದಂತೆ!
"ತಿಂಡಿ ಮುಗಿಸ್ಕೊಂಡು ಹತ್ತಕ್ಕೆ ಹೋದ್ರೆ ಮುಖ್ಯ ಅಂಕಣ ಸೆಂಟರ್ ಕೋರ್ಟಿಗೆ ಟಿಕೆಟ್ ಸಿಗಲ್ವಾ?" ಮಲ್ಲೇಶ್ವರದ ಗ್ರೂಪಿನಲ್ಲಿ ಇವತ್ತು ಮತ್ತೊಬ್ಬರ ಪ್ರಶ್ನೆ. ಸ್ವಾಮಿ, ಅದೇನು ಕಬ್ಬನ್ ಪಾರ್ಕಿನ ಕೆಳಹಂತದ ಚಾಲೆಂಜರ್ ಟೂರ್ನಿಯೇ?

ಟಿಕೆಟಿಗೆ ಒಂದು ದಾರಿ ಬ್ಯಾಲೆಟ್, ಅಂದರೆ ಲಾಟರಿ. ದಿನ, ಕೋರ್ಟ್ ಎರಡೂ ಆಯೋಜಕರಿಷ್ಟ, ದುಡ್ಡು ಮಾತ್ರ ನಮ್ಮದು. ಇಲ್ಲದಿದ್ದರೆ ಕ್ಯೂ: ಸೆಂಟರ್ ಕೋರ್ಟಿಗೆ ದಿನಕ್ಕೆ ಸುಮಾರು 500 ಟಿಕೆಟ್, ಕೊನೆಯ ನಾಲ್ಕು ದಿನ ಅದೂ ಇಲ್ಲ. ಹಿಂದಿನ ದಿನವೇ ಹೋಗಿ ಟೆಂಟಿನಲ್ಲಿ ಮಲಗಬೇಕು. ನಂಬರಿನ ಕ್ಯೂ ಕಾರ್ಡ್ ತಲೆಗೊಂದೇ. ಬಸ್ ಸೀಟಿಗೆ ಟವೆಲ್ ಎಸೆಯೋ ಬುದ್ಧಿ ಅಲ್ಲಿ ನಡೆಯುತ್ತಾ? ಚಪಾತಿ, ಚಟ್ನಿಪುಡಿ ಒಯ್ಯಬಹುದು (ಪುಣ್ಯ!), ಆದರೆ ಬ್ಯಾಗ್ 40×30×30 ಸೆಂ.ಮೀ. ದಾಟಿದರೆ ಒಳಗೆ ಬಿಡಲ್ಲ.

ಇಷ್ಟಾಗಿಯೂ ಕ್ಯೂನಲ್ಲಿ ಹಿಂದೆ ಬಿದ್ದರೆ ಸಿಗೋದು ಗ್ರೌಂಡ್ ಪಾಸ್, ಅಂದರೆ ಆವರಣಕ್ಕೆ, ಸಣ್ಣ ಕೋರ್ಟುಗಳಿಗೆ ಮಾತ್ರ ಪ್ರವೇಶ. ಮಳೆ ಬಂತೋ, ಚಾವಣಿ ಇರೋದು ಎರಡೇ ದೊಡ್ಡ ಕೋರ್ಟಿಗೆ, ಅಲ್ಲಿಗೆ ಈ ಪಾಸ್ ನಡೆಯಲ್ಲ. ಆವರಣದ ಒದ್ದೆ ಗುಡ್ಡದ ಮೇಲೆ ಕೂತು ದೊಡ್ಡ ಪರದೆ ನೋಡೋಕೆ ವೀಸಾ ಬೇರೆ ಬೇಕಿತ್ತಾ?