ಎರಡು ಬಿಟ್ಟರೆ ನಾಯಿಗೆ ಬುದ್ಧಿ ಬರುತ್ತಾ?

ಕೆಲವು ವಾರದ ಹಿಂದೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನು ಮನೆಗೆ ನಾಯಿ ತಂದು ಎಂಟು ತಿಂಗಳಾಗಿದೆ. ಬಂದವರ ಮೇಲೆಲ್ಲ ಎಗರುತ್ತದಂತೆ. 'ಎಷ್ಟು ಹೇಳಿದ್ರೂ ಕೇಳಲ್ಲ ಕಣೋ. ಎರಡು ಬಿಟ್ರೆ ಸರಿ ಹೋಗುತ್ತೆ ಅಲ್ವಾ?' ಅಂತ ಕೇಳಿದ. ನಾನು ಹೂಂ ಅಂದುಬಿಟ್ಟರೆ ಸಾಕು ಅಂತ ಕಾಯುತ್ತಿದ್ದ ಹಾಗಿತ್ತು. ಫೋನಿನಲ್ಲಿ ಅರ್ಧಂಬರ್ಧ ಏನೋ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾತಿನಲ್ಲೇ ಒಂದು ತಮಾಷೆ ಇದೆ ನೋಡಿ. 'ಅವನಿಗೆ ಸರಿಯಾಗಿ ಬುದ್ಧಿ ಕಲಿಸಿದೆ' ಅಂದರೆ, ಕೂರಿಸಿಕೊಂಡು ಏನೋ ಹೇಳಿಕೊಟ್ಟಿರಬೇಕು ಅಂತ ಯಾರೂ ತಿಳಿಯೋದಿಲ್ಲ. ನಾಲ್ಕು ಬಾರಿಸಿರಬೇಕು ಅಂತಲೇ ತಿಳಿಯುತ್ತಾರೆ. 'ಇರು, ಪಾಠ ಕಲಿಸ್ತೀನಿ' ಅನ್ನೋದೂ ಬೆದರಿಕೆಯೇ. ಕಲಿಸೋದು, ಹೊಡೆಯೋದು ಎರಡೂ ಒಂದೇ ಮಾತಿನೊಳಗೆ ಸಂಸಾರ ಹೂಡಿಬಿಟ್ಟಿವೆ. ನಾಯಿ ಸಾಕುವ ವಿಷಯದಲ್ಲಿ ಅವೆರಡನ್ನು ಬಿಡಿಸಿ ನೋಡೋಕೆ ನನಗೆ ಸುಮಾರು ದಿನ ಹಿಡಿಯಿತು.

ನಾನೇನೂ ಸಾಚಾ ಅಲ್ಲ. ನಮ್ಮ ಗುಂಡ ಮನೆಗೆ ಬಂದಾಗ ಎರಡು ತಿಂಗಳ ಮರಿ. ಒಳಗೆ ಉಚ್ಚೆ ಮಾಡಿದಾಗಲೆಲ್ಲ ಪೇಪರ್ ಸುರುಳಿ ಸುತ್ತಿ ಒಂದು ಕೊಡುತ್ತಿದ್ದೆ. ಹಾಗೇ ಮಾಡಬೇಕು ಅಂತ ಯಾರೋ ಹೇಳಿದ್ದರು. ಒಂದೇ ವಾರಕ್ಕೆ ನೆಲ ಒಣಗಿತು. ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ದಿನ ಮಂಚದ ಕೆಳಗಿನಿಂದ ವಾಸನೆ ಬಂತು. ಬಗ್ಗಿ ನೋಡಿದರೆ ಸಾಹೇಬರು ಅಲ್ಲೊಂದು ಖಾಸಗಿ ಶೌಚಾಲಯವನ್ನೇ ತೆರೆದಿದ್ದರು. ಅದಕ್ಕಿಂತ ತಲೆನೋವು ಇನ್ನೊಂದು. ಹೊರಗೆ ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಸುತ್ತಿಸಿದರೂ ಒಂದು ಹನಿ ಬಿಡುತ್ತಿರಲಿಲ್ಲ. ವಾಪಸ್ ಬಂದು ಚೈನು ಬಿಚ್ಚಿದ ಕೂಡಲೇ ಮಂಚದ ಕೆಳಗೆ ಓಟ. 'ಮನೆಯೊಳಗೆ ಮಾಡಬೇಡ' ಅಂತ ನಾನು ಕಲಿಸಿದ್ದೆ. 'ಈ ಮನುಷ್ಯ ನೋಡುವಾಗ ಮಾಡಬೇಡ' ಅಂತ ಅವನು ಕಲಿತಿದ್ದ. ಅವನ ಕಡೆಯಿಂದ ನೋಡಿದರೆ ಲೆಕ್ಕ ಸರಿಯಾಗೇ ಇದೆ. ಪ್ರತಿ ಸಲವೂ ಏಟು ಬಿದ್ದದ್ದು ನಾನು ಎದುರಿಗಿದ್ದಾಗ ತಾನೇ?

ಶಿಕ್ಷೆ ಅನ್ನೋ ಪದವನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಬಿ. ಎಫ್. ಸ್ಕಿನ್ನರ್ ಹಾಕಿಕೊಟ್ಟ ದಾರಿಯಲ್ಲಿ ಯೋಚಿಸುವ ಮನಶ್ಶಾಸ್ತ್ರಜ್ಞರಿಗೆ ಶಿಕ್ಷೆ ಅಂದರೆ ನೋವು ಅಂತಲೇ ಆಗಬೇಕಿಲ್ಲ. ನಾಯಿ ಏನೋ ಮಾಡಿತು, ಅದರ ಬೆನ್ನಿಗೇ ಇನ್ನೇನೋ ಆಯಿತು, ಮುಂದೆ ಅದು ಹಾಗೆ ಮಾಡೋದು ಕಡಿಮೆಯಾಯಿತು. ಆಗ ಆ ಮಧ್ಯೆ ಆದದ್ದು ಶಿಕ್ಷೆ. ಬೇಡದ್ದನ್ನು ಕೊಡೋದು ಒಂದು ಬಗೆ: ಏಟು, ಕೂಗಾಟ, ಕತ್ತು ಹಿಡಿದು ಜಗ್ಗೋದು. ಬೇಕಾದ್ದನ್ನು ತೆಗೆದುಕೊಂಡುಬಿಡೋದು ಇನ್ನೊಂದು ಬಗೆ. ಮರಿ ಆಡುತ್ತಾ ಆಡುತ್ತಾ ಜೋರಾಗಿ ಕಚ್ಚಿದಾಗ ನೀವು ಎದ್ದು ಹೋದರೆ ಅದೂ ಶಿಕ್ಷೆಯೇ. ಹಾಗಾಗಿ 'ನಾನು ನಾಯಿಗೆ ಶಿಕ್ಷೆಯನ್ನೇ ಕೊಡಲ್ಲಪ್ಪ' ಅನ್ನೋರು ಕೂಡ ದಿನಕ್ಕೆ ಹತ್ತು ಸಲ ಕೊಡುತ್ತಿರುತ್ತಾರೆ. ಅದೇ, ಏಟು ತಿಂದ ನಾಯಿ ನಾಳೆಯೂ ಅದೇ ಕೆಲಸ ಮಾಡಿದರೆ, ಶಾಸ್ತ್ರದ ಪ್ರಕಾರ ನೀವು ಶಿಕ್ಷೆ ಕೊಟ್ಟೇ ಇಲ್ಲ. ಸುಮ್ನೆ ಹೊಡೆದಿದ್ದೀರಿ.

ನನ್ನ ತಕರಾರು ಮೊದಲನೇ ಬಗೆಯ ಜೊತೆ. ಅದು ಕೆಲಸವೇ ಮಾಡಲ್ಲ ಅಂತ ನಾನು ಹೇಳೋದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. 1968ರಲ್ಲಿ ರಿಚರ್ಡ್ ಸಾಲಮನ್ ಮತ್ತು ಜೊತೆಗಾರರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಮರಿಗಳ ಮುಂದೆ ರುಚಿಯಾದ ಮಾಂಸ ಒಂದು ಕಡೆ, ಸಪ್ಪೆ ತಿನಿಸು ಇನ್ನೊಂದು ಕಡೆ. ಮಾಂಸಕ್ಕೆ ಬಾಯಿ ಹಾಕಿದರೆ ಪೇಪರ್ ಸುರುಳಿಯಿಂದ ಏಟು. (ಹೌದು, ನನ್ನದೇ ಆಯುಧ.) ಕೆಲವು ಮರಿಗಳಿಗೆ ಬಾಯಿ ಹಾಕಿದ ಕ್ಷಣವೇ ಏಟು, ಕೆಲವಕ್ಕೆ 5 ಸೆಕೆಂಡ್ ಬಿಟ್ಟು, ಇನ್ನು ಕೆಲವಕ್ಕೆ 15 ಸೆಕೆಂಡ್ ಬಿಟ್ಟು. ಆಮೇಲೆ ಹೊಡೆಯುವವನೇ ಇಲ್ಲದ ಕೋಣೆಯಲ್ಲಿ ಮರಿಗಳನ್ನು ಬಿಟ್ಟು ನೋಡಿದರು. ಆ ಕ್ಷಣವೇ ಏಟು ತಿಂದವು ಹೆಚ್ಚುಕಡಿಮೆ ಎರಡು ವಾರ ಮಾಂಸ ಮುಟ್ಟಲಿಲ್ಲ. 15 ಸೆಕೆಂಡ್ ಗುಂಪಿನವು ಕೆಲವೇ ನಿಮಿಷಗಳಲ್ಲಿ ಬಾಯಿ ಹಾಕಿದವು.

ಬರೀ 15 ಸೆಕೆಂಡ್! ನಾವೋ, ಬೆಳಿಗ್ಗೆ ಕಡಿದುಹಾಕಿದ ಚಪ್ಪಲಿಗೆ ಸಂಜೆ ಮನೆಗೆ ಬಂದು ಬೈಯುತ್ತೇವೆ. ಬಾಗಿಲಿಗೆ ಓಡಿ ಬಂದು ಬಾಲ ಅಲ್ಲಾಡಿಸಿದ್ದಕ್ಕೆ ಬೈಗುಳ ಬಿತ್ತು ಅಂತ ನಾಯಿ ತಿಳಿದರೆ ಅದರ ತಪ್ಪಾ?

'ಇಲ್ಲ ರೀ, ಅದಕ್ಕೆ ಎಲ್ಲ ಗೊತ್ತಾಗುತ್ತೆ. ಮುಖ ನೋಡಿ, ಕಳ್ಳನ ಹಾಗೆ ಕೂತಿದೆ' ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಅಲೆಕ್ಸಾಂಡ್ರಾ ಹೊರೋವಿಟ್ಸ್ ಅನ್ನೋ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಮಾಲೀಕರು 'ತಿನ್ನಬೇಡ' ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ವಾಪಸ್ ಬಂದಾಗ, ನಾಯಿ ತಿಂದಿದೆಯೋ ಇಲ್ಲವೋ ಅಂತ ಅವರಿಗೆ ಹೇಳುತ್ತಿದ್ದರು. ಕೆಲವು ಸಲ ಬೇಕಂತಲೇ ತಪ್ಪು ಹೇಳುತ್ತಿದ್ದರು. ಆ 'ಕಳ್ಳ ಮುಖ' ಕಾಣಿಸಿಕೊಂಡದ್ದು ಬೈಗುಳ ಬಿದ್ದಾಗ. ತಿಂದಿತ್ತೋ ಇಲ್ಲವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳೇ ಇನ್ನೂ ಜಾಸ್ತಿ ಹಾಗೆ ಕೂತವು. ಪಶ್ಚಾತ್ತಾಪ ಅಂತ ನಾವು ಅಂದುಕೊಂಡದ್ದು 'ದಯವಿಟ್ಟು ಬಿಟ್ಟುಬಿಡಿ' ಅನ್ನೋ ಮುಖ.

ಇನ್ನು 'ಯಜಮಾನ ಯಾರು ಅಂತ ನಾಯಿಗೆ ತೋರಿಸಬೇಕು' ಅನ್ನೋ ವಾದ. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದರಲ್ಲಿದೆ. ಗುಂಪಿನ ಯಜಮಾನ ತೋಳ ಅನ್ನೋ ಅರ್ಥದ 'ಆಲ್ಫಾ' ಪದವನ್ನು ಜನರ ಬಾಯಿಗೆ ತಂದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ ಅದು ಸರಿಯಲ್ಲ ಅಂದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಒಂದು ಸಂಸಾರ. ಅದೂ ತೋಳದ ಮಾತಾಯಿತು. ನಮ್ಮ ಸೋಫಾದ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿರುವ ಪ್ರಾಣಿಗೆ ಗದ್ದುಗೆಯ ಆಸೆ ಇದೆ ಅಂತ ನನಗಂತೂ ಅನ್ನಿಸಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಗುರ್ ಅಂದದ್ದಕ್ಕೆ ಹೊಡೆಯುವ ಅಭ್ಯಾಸ. ಊಟದ ತಟ್ಟೆ ಹತ್ತಿರ ಹೋದಾಗ ನಾಯಿ ಗುರ್ ಅನ್ನುತ್ತದೆ. 'ನನಗೇ ಗುರ್ ಅಂತೀಯಾ?' ಅಂತ ಒಂದು ಬಿಡುತ್ತೇವೆ. ನಾಲ್ಕು ಸಲ ಹೀಗಾದ ಮೇಲೆ ಗುರ್ ನಿಲ್ಲುತ್ತದೆ. ಆದರೆ ತಟ್ಟೆ ಯಾರಾದರೂ ಕಿತ್ತುಕೊಳ್ಳುತ್ತಾರೆ ಅನ್ನೋ ಹೆದರಿಕೆ ಎಲ್ಲಿಗೆ ಹೋಯಿತು? ಅದು ಒಳಗೇ ಇದೆ. ಈಗ ಅದರ ಜೊತೆ ನಿಮ್ಮ ಕೈಯ ಹೆದರಿಕೆಯೂ ಸೇರಿದೆ. ಗುರ್ ಅನ್ನೋದು ನಾಯಿಯ ಎಚ್ಚರಿಕೆ. 'ಕಚ್ಚೋಕೆ ನನಗೂ ಇಷ್ಟ ಇಲ್ಲ, ಹಿಂದೆ ಸರಿ' ಅಂತ ಅದು ಹೇಳುವ ರೀತಿ. ಹೊಡೆದು ಹೊಡೆದು ಆ ಎಚ್ಚರಿಕೆಯನ್ನು ತೆಗೆದುಹಾಕಿ, ಕೊನೆಗೊಂದು ದಿನ ಕೈಗೆ ಬಾಯಿ ಹಾಕಿದಾಗ 'ಏನೂ ಸುಳಿವೇ ಕೊಡಲಿಲ್ಲ' ಅನ್ನುತ್ತೇವೆ. ಸುಳಿವು ಕೊಡಬೇಡ ಅಂತ ಕಲಿಸಿದ್ದು ನಾವೇ.

ನಡತೆಯ ತೊಂದರೆ ಅಂತ ವೈದ್ಯರ ಹತ್ತಿರ ಕರೆತಂದ ನಾಯಿಗಳ ಮಾಲೀಕರನ್ನು ಅಮೆರಿಕದಲ್ಲಿ ವಿಚಾರಿಸಿದ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ಹೊಡೆದೋ ಒದ್ದೋ ಮಾಡಿದವರಲ್ಲಿ ನೂರಕ್ಕೆ 43 ಮಂದಿ, ನಾಯಿ ತಿರುಗಿ ಬಿತ್ತು ಅಂದಿದ್ದರು. ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ 31 ಮಂದಿ. ಅವೆಲ್ಲ ಮೊದಲೇ ತೊಂದರೆಯಿದ್ದ ನಾಯಿಗಳು, ಹಾಗಾಗಿ ಎಲ್ಲ ನಾಯಿಗೂ ಇದೇ ಲೆಕ್ಕ ಹಿಡಿಯೋಕಾಗಲ್ಲ. ಆದರೆ ನಾವು ಕೈ ಎತ್ತೋದು ಯಾವ ನಾಯಿಯ ಮೇಲೆ ಹೇಳಿ? ತೊಂದರೆ ಕೊಡುವ ನಾಯಿಯ ಮೇಲೆ ತಾನೇ?

ಇಷ್ಟೆಲ್ಲ ಇದ್ದರೂ ಜನ ಯಾಕೆ ಹೊಡೆಯುತ್ತಾರೆ? ಕ್ರೂರಿಗಳು ಅಂತ ಅಲ್ಲವೇ ಅಲ್ಲ. ಒಂದು ಬಿಟ್ಟ ಕೂಡಲೇ ಬೊಗಳುವ ನಾಯಿ ಬಾಯಿ ಮುಚ್ಚುತ್ತದೆ. ಆ ಕ್ಷಣಕ್ಕೆ ಮನೆ ತಣ್ಣಗಾಗುತ್ತದೆ. ಹೊಡೆದವನಿಗೆ ಬಹುಮಾನ ಸಿಕ್ಕಿತು! ನಾಯಿಗೆ ತಿನಿಸು ಕೊಟ್ಟು ಕೂರೋದನ್ನು ಕಲಿಸುತ್ತೇವಲ್ಲ, ಹಾಗೇ ಆ ತಣ್ಣಗಿನ ಎರಡು ನಿಮಿಷ ನಮ್ಮ ಕೈಗೆ ಏಳೋದನ್ನು ಕಲಿಸುತ್ತದೆ. ನಾಳೆ ಅದೇ ಏಟಿಗೆ ನಾಯಿ ಒಗ್ಗಿಹೋಗಿರುತ್ತದೆ. ಆಗ ಸ್ವಲ್ಪ ಜೋರಾಗಿ. ನಾಡಿದ್ದು ಇನ್ನೂ ಸ್ವಲ್ಪ. ಪೇಪರಿನ ದಿನಗಳಲ್ಲಿ ನಾನು ಗುಂಡನಿಗೆ ಏನು ಕಲಿಸಿದೆ ಅನ್ನೋದಕ್ಕಿಂತ ಗುಂಡ ನನಗೆ ಕಲಿಸಿದ್ದೇ ಜಾಸ್ತಿ ಅಂತ ಈಗ ಕಾಣುತ್ತದೆ. ಆಫೀಸಿನ ಸಿಟ್ಟು ತಲೆಯಲ್ಲಿದ್ದ ದಿನ ಏಟೂ ಜೋರಾಗಿ ಬೀಳುತ್ತಿತ್ತು. ಉಚ್ಚೆ ಮಾತ್ರ ಅಷ್ಟೇ ಇತ್ತು.

ಶಾಕ್ ಕೊಡುವ ಬೆಲ್ಟ್ ಬಗ್ಗೆ ಕೇಳುವವರಿಗೆ ಒಂದು ಮಾತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ 63 ನಾಯಿಗಳ ಅಧ್ಯಯನ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವಕ್ಕೆ ಕರೆದರೆ ಬಾರದ ಚಾಳಿ. ಬಹುಮಾನ ಕೊಟ್ಟು ಕಲಿಸಿದ್ದಕ್ಕಿಂತ ಶಾಕ್ ಬೆಲ್ಟ್‌ನಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ವೇಲ್ಸ್ ದೇಶ 2010ರಲ್ಲೇ ಅದನ್ನು ನಿಷೇಧಿಸಿದೆ.

'ಹಾಗಾದ್ರೆ ರಸ್ತೆಗೆ ನುಗ್ಗುವ ನಾಯಿಯನ್ನು ಎಳೀಬಾರದಾ?' ಎಳೆಯಿರಿ, ಕೂಗಿ, ಬೇಕಾದರೆ ಹೊತ್ತುಕೊಂಡು ಓಡಿ. ಜೀವ ಉಳಿಸುವ ಕೆಲಸ ಅದು. ಆದರೆ ಅಷ್ಟಕ್ಕೇ ನಾಯಿ ರಸ್ತೆಯ ಪಾಠ ಕಲಿಯಿತು ಅಂದುಕೊಂಡು ಮರುದಿನ ಚೈನು ಬಿಚ್ಚಬೇಡಿ. ಹಾಗೆಯೇ, ಹೊಡೆಯೋದಿಲ್ಲ ಅನ್ನೋ ಹೆಸರಿನಲ್ಲಿ ಏನೂ ಕಲಿಸದೆ ಬಿಡುವವರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ನಾಯಿ ಮಕ್ಕಳನ್ನು ಬೀಳಿಸುತ್ತಿರುತ್ತದೆ, ಇವರು 'ಪಾಪ, ಆಟ ಆಡ್ತಾನೆ' ಅಂತ ನಗುತ್ತಿರುತ್ತಾರೆ.

ಗುಂಡನ ಕಥೆ ಹೇಗೆ ಮುಗಿಯಿತು ಅಂದರೆ, ಮಂಚದ ಕೆಳಗೆ ಹಳೇ ಪೆಟ್ಟಿಗೆ ತುಂಬಿದೆ. ಊಟ ಆದ ಮೇಲೆ, ನಿದ್ದೆಯಿಂದ ಎದ್ದ ಮೇಲೆ, ಅದೂ ಅಲ್ಲದೆ ಎರಡು ಗಂಟೆಗೊಮ್ಮೆ ಹೊರಗೆ. ಜೇಬಿನಲ್ಲಿ ತಿನಿಸು. ಹೊರಗೆ ಮಾಡಿದ ಕೂಡಲೇ, ಅಲ್ಲೇ, ಬಾಯಿಗೆ ಒಂದು ತುಂಡು. ನನ್ನೆದುರಿಗೆ ಮಾಡುವ ಧೈರ್ಯ ಬರೋಕೇ ಹತ್ತು ದಿನ ಹಿಡಿಯಿತು. ಪೂರ್ತಿ ಸರಿಯಾಗೋಕೆ ಒಂದೂವರೆ ತಿಂಗಳು. ಈಗ ಅವನಿಗೆ ಒಂಬತ್ತು ವರ್ಷ. ಸೊಳ್ಳೆ ಹೊಡೆಯೋಕೆ ಅಂತ ಪೇಪರ್ ಸುತ್ತಿದರೂ ಎದ್ದು ಪಕ್ಕದ ಕೋಣೆಗೆ ಹೋಗಿಬಿಡುತ್ತಾನೆ.

ಗೆಳೆಯನಿಗೆ ಹೇಳಿದ್ದು ಇಷ್ಟು. ನಾಯಿ ಎಗರೋದು ನಿನ್ನ ಗಮನಕ್ಕೆ. ನೀನು ತಳ್ಳಿದರೂ, 'ಏಯ್' ಅಂತ ಕೂಗಿದರೂ ಅದಕ್ಕೆ ಬೇಕಾದ್ದು ಸಿಕ್ಕ ಹಾಗೇ. ಎಗರಿದರೆ ಕಲ್ಲಿನ ಹಾಗೆ ನಿಂತು ಆ ಕಡೆ ತಿರುಗು. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ಬಗ್ಗಿ ಮಾತಾಡಿಸು. ಮೊದಲ ಕೆಲವು ದಿನ ಮೊದಲಿಗಿಂತ ಜಾಸ್ತಿಯೇ ಎಗರುತ್ತದೆ, ಯಾಕಂದ್ರೆ ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಅಂತ ಅದು ಜೋರಾಗಿ ಕೇಳುತ್ತಿರುತ್ತದೆ. ಬಹಳ ಜನ ಕೈಬಿಡೋದು ಅಲ್ಲೇ. ಮತ್ತೆ, ಮನೆಯಲ್ಲಿ ಒಬ್ಬರಾದರೂ ಎಗರಿದಾಗ ಮುದ್ದು ಮಾಡಿದರೆ ಎಲ್ಲ ನೀರಿನಲ್ಲಿ ಹೋಮ.

ಎರಡು ವಾರದ ಮೇಲೆ ಮತ್ತೆ ಫೋನ್ ಮಾಡಿದ. 'ಮನೆಯವರ ಮೇಲೆ ಎಗರೋದು ನಿಂತಿದೆ. ಆದ್ರೆ ಬರೋ ನೆಂಟರು ಬಾಗಿಲಲ್ಲೇ ಬಾ ಬಾ ಅಂತ ಎದೆ ತಟ್ಟಿ ಎಗರಿಸ್ತಾರೆ. ನಾಯಿ ಬಿಡು, ಇವರಿಗೆ ಎರಡು ಬಿಡಬಹುದಾ?' ಅಂತ ಕೇಳಿದ.