ಚೇಳು ಕಡಿದವರಿಗೊಂದು ಗ್ರಾಹಕ ವೇದಿಕೆ

ನನ್ನ ಪರಿಚಿತರೊಬ್ಬರಿದ್ದಾರೆ. ಮೊಬೈಲ್ ಚಾರ್ಜರ್ ಕೊಳ್ಳಬೇಕೆಂದರೆ ಮೂರು ರಾತ್ರಿ ಕೂತು ಕೊಂಡವರ ಅಭಿಪ್ರಾಯಗಳನ್ನೆಲ್ಲ ಓದುತ್ತಾರೆ. ಬಾಡಿಗೆ ಕರಾರಿನ ಸಣ್ಣಕ್ಷರಗಳಿಗೆ ಭೂತಗನ್ನಡಿ ಹಿಡಿಯುತ್ತಾರೆ. ಬ್ಯಾಂಕಿನಿಂದ ನಿಜವಾಗಿಯೂ ಕರೆ ಬಂದರೂ ‘ನೀವು ಬ್ಯಾಂಕಿನವರೇ ಎಂಬುದಕ್ಕೆ ಪುರಾವೆ ಏನು’ ಎಂದು ಕೇಳಿ, ಆ ಕಡೆಯ ಹುಡುಗಿಯನ್ನು ಅಳುವ ಹಂತಕ್ಕೆ ತರುತ್ತಾರೆ. ಇಂಥ ಮಹಾನುಭಾವರು ಕಳೆದ ತಿಂಗಳು ಒಂದು ಶನಿವಾರ ರಾತ್ರಿ, ಮೂರು ಸಾಲಿನ ಒಂದು ಎಸ್ಕಾರ್ಟ್ ಜಾಹೀರಾತನ್ನು, ಅಂದರೆ ದುಡ್ಡಿಗೆ ಹೆಣ್ಣಿನ ಸಂಗ ಒದಗಿಸುವ ಜಾಹೀರಾತನ್ನು ನಂಬಿ, ಎರಡೂವರೆ ಗಂಟೆಯೊಳಗೆ ನಾಲ್ಕು ಕಂತುಗಳಲ್ಲಿ ಹಣ ಕಳುಹಿಸಿದರು. ಯಾರೂ ಬರಲಿಲ್ಲ.

ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಅವರು ನನಗೆ ಆ ಸಂಭಾಷಣೆಯನ್ನು ತೋರಿಸಿದರು. ಹೆಸರು ಹೇಳಬಾರದೆಂದು ಆಣೆಯಿದೆಯೇ ಹೊರತು ಅಂಕಣ ಬರೆಯಬಾರದೆಂದು ಇಲ್ಲ.

ಓದುತ್ತಾ ಹೋದಂತೆ ನನಗೆ ಅದು ಪ್ರಣಯದ ಮಾತುಕತೆ ಅನ್ನಿಸಲೇ ಇಲ್ಲ. ಯಾವುದೋ ಸರ್ಕಾರಿ ಕಚೇರಿಯ ಕಡತದಂತಿತ್ತು. ಮೊದಲು ಕಾಯ್ದಿರಿಸುವ ಶುಲ್ಕ, ಹೇಳಿದ ದರದ ಐದನೇ ಒಂದು ಭಾಗ. ಅದು ತಲುಪಿದ ಮೇಲೆ ಭದ್ರತಾ ಠೇವಣಿ, ‘ಪೂರ್ತಿ ಹಿಂದಿರುಗಿಸಲಾಗುವುದು’ ಎಂಬ ಅಭಯದೊಂದಿಗೆ. ಆಮೇಲೆ ಗುರುತು ಪರಿಶೀಲನೆಯ ಶುಲ್ಕ. ಇದನ್ನು ಗಿಫ್ಟ್ ಕಾರ್ಡಿನಲ್ಲೇ ಕೊಡಬೇಕು; ಕಾರ್ಡ್ ಕೊಂಡು, ಹಿಂಬದಿಯ ಬೆಳ್ಳಿಪಟ್ಟಿ ಕೆರೆದು, ಸಂಖ್ಯೆಯ ಫೋಟೊ ಕಳುಹಿಸಬೇಕು. ನಮ್ಮವರು ಉಗುರಿನಿಂದ ಕೆರೆದಿದ್ದಾರೆ. ಫೋಟೊದಲ್ಲಿ ಉಗುರಿನ ತುದಿಯೂ ಅದಕ್ಕಂಟಿದ ಬೂದು ಪುಡಿಯೂ ಸ್ಪಷ್ಟವಾಗಿ ಬಿದ್ದಿವೆ. ಹತ್ತೂ ನಲವತ್ತಕ್ಕೆ ‘ನಿಮ್ಮ ಮನೆಯ ಕೆಳಗೆ ಕಾರಿನಲ್ಲಿದ್ದೇನೆ’ ಎಂಬ ಸಂದೇಶ. ಇವರು ಕಿಟಕಿಯಿಂದ ಇಣುಕಿದರು. ಕಾರು ನಿಂತಿತ್ತು! ಪಕ್ಕದ ಮನೆಯವರದು, ಆರು ವರ್ಷಗಳಿಂದ ಅಲ್ಲೇ ನಿಲ್ಲುತ್ತಿರುವುದು. ಆದರೂ ಆ ಗಳಿಗೆಯಲ್ಲಿ ಅದು ಹೊಸ ಕಾರಿನಂತೆ ಕಂಡಿತಂತೆ.

ನಾಲ್ಕನೆಯ ಕಂತು ಯಾವುದಕ್ಕೆ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಹನ್ನೊಂದರ ಹೊತ್ತಿಗೆ ಅನುಮಾನ ಬಂದು ‘ನನಗೆ ಏನೂ ಬೇಡ, ಹಣ ವಾಪಸ್ ಕೊಡಿ’ ಎಂದಿದ್ದಾರೆ. ಧಾರಾಳವಾಗಿ ಕೊಡುತ್ತೇವೆ, ರದ್ದತಿ ಶುಲ್ಕ ಕಟ್ಟಿ ಎಂಬ ಉತ್ತರ ಬಂದಿದೆ. ಕಟ್ಟಿದ್ದಾರೆ.

ಮುಂಗಡ ನುಂಗುವ ವಿದ್ಯೆ ಹೊಸದೇನಲ್ಲ. ಸ್ಪೇನಿನ ಸೆರೆಮನೆಯಲ್ಲಿ ಶ್ರೀಮಂತನೊಬ್ಬ ಕೊಳೆಯುತ್ತಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕಳುಹಿಸಿದರೆ ನಿಧಿಯಲ್ಲಿ ಪಾಲು ಕೊಡುತ್ತಾನೆ ಎಂಬ ಪತ್ರಗಳು ಹತ್ತೊಂಬತ್ತನೆಯ ಶತಮಾನದಲ್ಲೇ ದೇಶದೇಶಗಳನ್ನು ಸುತ್ತುತ್ತಿದ್ದವು. ಆ ವಂಚಕರಿಗೆ ಇದ್ದ ಒಂದೇ ತೊಡಕೆಂದರೆ, ಮೋಸಹೋದವನು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಬಹುದಾಗಿತ್ತು. ಎಸ್ಕಾರ್ಟ್ ಜಾಹೀರಾತು ಕಂಡುಹಿಡಿದವನು ಆ ತೊಡಕನ್ನೂ ನಿವಾರಿಸಿದ. ಕಳ್ಳನಿಗೆ ಚೇಳು ಕಡಿದ ಹಾಗೆ ಎನ್ನುತ್ತಾರಲ್ಲ, ಅದು ನಮ್ಮ ಗಾದೆಯಾಗಿತ್ತು. ಅವನು ಅದನ್ನೇ ವ್ಯಾಪಾರದ ಬಂಡವಾಳ ಮಾಡಿಕೊಂಡ. ಈ ಗಿರಾಕಿ ಕೂಗುವುದಿಲ್ಲ. ಹೆಂಡತಿಗೆ ಹೇಳುವುದಿಲ್ಲ, ಠಾಣೆಗೆ ಹೋಗುವುದಿಲ್ಲ, ಅಂಗಡಿಯ ಮುಂದೆ ಗಲಾಟೆಯಂತೂ ಸಾಧ್ಯವೇ ಇಲ್ಲ, ಏಕೆಂದರೆ ಅಂಗಡಿಯೇ ಇಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಮರುದಿನ ಕಚೇರಿಗೆ ಹೋಗಿ ಎಲ್ಲರಿಗೂ ನಮಸ್ಕಾರ ಹೇಳುತ್ತಾನೆ.

ಇಷ್ಟು ಒರಟಾದ, ಕಾಗುಣಿತವೂ ನೆಟ್ಟಗಿಲ್ಲದ ಜಾಹೀರಾತನ್ನು ಯಾರು ನಂಬುತ್ತಾರೆ ಎಂದು ನಾವು ನಗುತ್ತೇವೆ. ನಗುವುದು ನಮ್ಮ ದಡ್ಡತನ. ಮೈಕ್ರೋಸಾಫ್ಟ್ ಸಂಶೋಧಕ ಕೋರ್ಮಾಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು: ನೈಜೀರಿಯಾದ ಹೆಸರು ಕೇಳಿದರೇ ಜನ ವಂಚನೆ ಎನ್ನುವಾಗ, ವಂಚಕರು ತಾವು ನೈಜೀರಿಯಾದವರೆಂದು ಏಕೆ ಹೇಳಿಕೊಳ್ಳುತ್ತಾರೆ ಎಂಬುದು ಅದರ ಪ್ರಶ್ನೆ. ಸಾರಾಂಶದಲ್ಲಿ ಉತ್ತರ ಇಷ್ಟು: ಅದೊಂದು ಜರಡಿ. ಬುದ್ಧಿವಂತರು ಮೊದಲ ಸಾಲಿನಲ್ಲೇ ಉದುರಿಹೋಗಲಿ, ಕೊನೆಯವರೆಗೂ ಬರುವವನು ಮಾತ್ರ ಉಳಿಯಲಿ ಎಂದು. ಹಾಗಾಗಿ ರೂಪದರ್ಶಿಯ ಚಿತ್ರ, ಅರ್ಧ ಬೆಲೆ, ‘ನೂರಕ್ಕೆ ನೂರು ಅಸಲಿ’ ಎಂಬ ಘೋಷಣೆ, ಇವು ಯಾವುವೂ ನಮಗಾಗಿ ಬರೆದವಲ್ಲ. ಮಧ್ಯರಾತ್ರಿ ಕಿಟಕಿಯಿಂದ ಪಕ್ಕದ ಮನೆಯ ಕಾರು ನೋಡಿ ಪುಳಕಗೊಳ್ಳುವವರಿಗಾಗಿ ಬರೆದವು.

ಮುಂಗಡಕ್ಕೆ ತೃಪ್ತರಾಗುವವರು ಈ ಕಸುಬಿನಲ್ಲಿ ಸಾಧುಗಳು. ಇನ್ನೊಂದು ಬಗೆಯವರು ಹಣವನ್ನೇ ಕೇಳುವುದಿಲ್ಲ, ಮೊಬೈಲ್ ಸಂಖ್ಯೆ ಸಿಕ್ಕರೆ ಸಾಕು. ಎರಡು ದಿನ ಬಿಟ್ಟು ಗಡಸು ದನಿಯ ಒಬ್ಬ ‘ಮಾಲೀಕ’ ಕರೆ ಮಾಡುತ್ತಾನೆ: ನಮ್ಮ ಹುಡುಗಿಯ ಸಮಯ ಹಾಳು ಮಾಡಿದೆ, ನಷ್ಟ ತುಂಬಿಕೊಡು. ಜೊತೆಗೆ ಎಲ್ಲಿಂದಲೋ ಎತ್ತಿದ ಹೆಣಗಳ ಚಿತ್ರಗಳು, ನಿಮ್ಮ ಮನೆಯ ವಿಳಾಸ, ಮನೆಮಂದಿಯ ಹೆಸರು. ಅಮೆರಿಕದಲ್ಲಿ ಇಂಥ ಕರೆಗಳು ಮಾದಕವಸ್ತು ಮಾಫಿಯಾದ ಹೆಸರಿನಲ್ಲಿ ಬರುತ್ತವೆ. ಹೆದರಬೇಡಿ, ಹಣ ಕೊಡಬೇಡಿ ಎಂದು ಅಲ್ಲಿನ ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ. ಇಲ್ಲಿ ನಾನು ಗಮನಿಸಿದ್ದು ಸರ್ವನಾಮವನ್ನು. ಸಂಜೆ ಏಳಕ್ಕೆ ‘ಡಿಯರ್, ನೀವು’, ಹಣ ತಡವಾದರೆ ‘ಸರ್, ತಾವು’, ಬೆದರಿಕೆಯ ಹೊತ್ತಿಗೆ ‘ಏ, ನೀನು’. ಮನುಷ್ಯಸಂಬಂಧವೊಂದು ಹುಟ್ಟಿ, ಬೆಳೆದು, ಹಳಸಲು ಮದುವೆಯಲ್ಲಾದರೂ ಕೆಲವು ವರ್ಷ ಬೇಕು.

ಸುಳ್ಳು ಜಾಹೀರಾತನ್ನು ಬೀದಿಯ ವಂಚಕನೇ ಹಾಕಬೇಕೆಂದಿಲ್ಲ. ವಿವಾಹಿತರಿಗೆ ಹೊರಸಂಬಂಧ ಒದಗಿಸುವುದಾಗಿ ಬಹಿರಂಗವಾಗಿಯೇ ಹೇಳಿಕೊಂಡಿದ್ದ ಆಶ್ಲೆ ಮ್ಯಾಡಿಸನ್ ಎಂಬ ತಾಣವನ್ನು 2015ರಲ್ಲಿ ಹ್ಯಾಕರ್‌ಗಳು ಬಗೆದರು. ಗಂಡಸರನ್ನು ಮಾತಿಗೆಳೆಯಲು ಕಂಪನಿಯೇ ಹುಟ್ಟಿಸಿ ಯಂತ್ರದಿಂದ ಮಾತಾಡಿಸುತ್ತಿದ್ದ ಹೆಣ್ಣುಗಳ ನಕಲಿ ಖಾತೆಗಳು ಅಲ್ಲಿದ್ದವು. ಆ ‘ಹೆಣ್ಣಿಗೆ’ ಉತ್ತರ ಬರೆಯಬೇಕಾದರೆ ದುಡ್ಡು ತೆರಬೇಕು. ಪಶ್ಚಾತ್ತಾಪಪಟ್ಟವನು 19 ಡಾಲರ್ ಕೊಟ್ಟರೆ ಅವನ ಗುರುತನ್ನೆಲ್ಲ ಅಳಿಸಿಹಾಕುವ ಸೇವೆಯೂ ಇತ್ತು. ಪೂರ್ತಿ ಅಳಿಸಿರಲಿಲ್ಲ. ಪಾಪಕ್ಕೂ ಸಲ್ಲದ, ಪ್ರಾಯಶ್ಚಿತ್ತಕ್ಕೂ ಸಲ್ಲದ ಆ ಹಣದ ಕಥೆ 2016ರ ಡಿಸೆಂಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗಿನ ರಾಜಿಗೆ ಬಂತು. ಗಂಡಸರು ಹೆಂಡತಿಗೆ ದ್ರೋಹ ಬಗೆಯಲೆಂದು ಹೋಗಿ ಯಂತ್ರವೊಂದಕ್ಕೆ ನಿಷ್ಠರಾಗಿದ್ದುಬಂದರು ಎಂದು ಸಮಾಧಾನಪಟ್ಟುಕೊಳ್ಳಬಹುದು.

ಸರ್ಕಾರಗಳೂ ಕೈಕಟ್ಟಿ ಕುಳಿತಿರಲಿಲ್ಲ. ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣ 2010ರಲ್ಲಿ ಒತ್ತಡಕ್ಕೆ ಮಣಿದು ಅಮೆರಿಕದಲ್ಲಿ ತನ್ನ ವಯಸ್ಕರ ವಿಭಾಗ ಮುಚ್ಚಿತು. ಜಾಹೀರಾತುಗಳು ಅಂಥದೇ ಇನ್ನೊಂದು ತಾಣವಾದ ಬ್ಯಾಕ್‌ಪೇಜ್‌ಗೆ ಗುಳೆ ಹೋದವು. 2018ರ ಏಪ್ರಿಲಿನಲ್ಲಿ ಅದನ್ನೂ ವಶಪಡಿಸಿಕೊಂಡು, ವಾರದೊಳಗೆ, ಇಂಥ ಜಾಹೀರಾತಿಗೆ ತಾಣದವರನ್ನೇ ಹೊಣೆಯಾಗಿಸುವ ಫೋಸ್ಟಾ ಎಂಬ ಹೊಸ ಕಾನೂನಿಗೆ ಅಂಕಿತ ಹಾಕಿದರು. ಮಾನವ ಕಳ್ಳಸಾಗಣೆ ತಡೆಯುವ ಉದ್ದೇಶ. ಉದ್ದೇಶದ ಬಗ್ಗೆ ತಕರಾರಿಲ್ಲ. ಮೂರು ವರ್ಷದ ನಂತರ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ ನೋಡಿದಾಗ, ಆ ಕಾನೂನಿನ ಕ್ರಿಮಿನಲ್ ಕಲಮನ್ನು ಬಳಸಿದ್ದು ಒಂದೇ ಒಂದು ಪ್ರಕರಣದಲ್ಲಿ. ಮಾರುಕಟ್ಟೆ ಮಾತ್ರ ಚೂರುಚೂರಾಗಿ ಹೊರದೇಶದ ತಾಣಗಳಿಗೆ ಹರಡಿಕೊಂಡಿತ್ತು. ಈ ಕಸುಬಿನಲ್ಲಿರುವ ಹೆಂಗಸರು ಅಪಾಯಕಾರಿ ಗಿರಾಕಿಗಳ ಹೆಸರನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದ ಕೆಲವು ತಾಣಗಳೂ ಅದೇ ಹೊಡೆತಕ್ಕೆ ಬಾಗಿಲು ಹಾಕಿದವು. ವಂಚಕನಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಯಾವುದು? ಸಂತೆ ಎತ್ತಂಗಡಿಯಾಯಿತು, ಪರಿಚಿತ ಮುಖಗಳು ಚದುರಿದವು, ಹೊಸ ಬೀದಿಯಲ್ಲಿ ಎಲ್ಲರೂ ಹೊಸಬರೇ. ತಾಣ ತುಂಬಿತುಳುಕುತ್ತಿರುವಂತೆ ಕಾಣಲೆಂದು ಬೇರೆಡೆಯಿಂದ ಕದ್ದು ತುಂಬಿದ ಜಾಹೀರಾತುಗಳು ಕೆಲವು, ಕಸುಬು ಬಿಟ್ಟು ವರ್ಷಗಳಾದವರ ಹಳೆಯ ಚಿತ್ರಗಳು ಕೆಲವು. ಗಿರಾಕಿಗಳನ್ನು ಹಿಡಿಯಲು ಪೊಲೀಸರೇ ಹಾಕಿದವೂ ಇರುತ್ತವೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಖಂಡಿತ ಬರುವವರು ಆ ಕೊನೆಯವರು ಮಾತ್ರ.

ನಗು ನಿಂತುಹೋಗುವ ಜಾಹೀರಾತೂ ಒಂದಿದೆ. ಸಂಬಂಧ ಮುರಿದುಕೊಂಡ ಹೆಂಗಸಿನ ಮೇಲೆ ಹಗೆ ಸಾಧಿಸಲು ಹಳೆಯ ಗೆಳೆಯನೋ ಗಂಡನೋ ಅವಳ ಫೋಟೊ, ಅವಳದೇ ಫೋನ್ ಸಂಖ್ಯೆ ಹಾಕಿ ಪ್ರಕಟಿಸುತ್ತಾನೆ. ಮರುದಿನದಿಂದ ಅವಳ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ‘ಇದು ಸುಳ್ಳು’ ಎಂದರೆ ಆ ಕಡೆಯವನು ದರ ಹೆಚ್ಚಿಸಲು ಹೂಡಿದ ಆಟವೆಂದುಕೊಳ್ಳುತ್ತಾನೆ. ನನ್ನ ಪರಿಚಿತರು ಕಳೆದುಕೊಂಡದ್ದು ಹಣ. ಈಕೆ ಫೋನ್ ಸಂಖ್ಯೆಯನ್ನೂ ಕೆಲಸವನ್ನೂ ಕೆಲವೊಮ್ಮೆ ಮನೆಯನ್ನೂ ಬದಲಿಸಬೇಕಾಗುತ್ತದೆ.

ಇನ್ನು ‘ಡಿಯರ್’ ಎಂದು ಬರೆದ ಕೈ ಯಾರದು? ಆಗ್ನೇಯ ಏಷ್ಯಾದ ಆನ್‌ಲೈನ್ ವಂಚನೆಯ ಶಿಬಿರಗಳ ಬಗ್ಗೆ 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಕೊಟ್ಟ ಅಂದಾಜು ಹೀಗಿದೆ: ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಬಲವಂತದಿಂದ ಇಂಥ ಕೆಲಸಕ್ಕೆ ಸಿಲುಕಿರಬಹುದು. ಒಳ್ಳೆಯ ನೌಕರಿಯ ಜಾಹೀರಾತು ನಂಬಿ ಹೋದವರು! ನೌಕರಿಯ ಸುಳ್ಳು ಜಾಹೀರಾತಿಗೆ ಬಿದ್ದವನು ಪ್ರೀತಿಯ ಸುಳ್ಳು ಮಾತು ಬರೆಯುತ್ತಾನೆ, ದಿನದ ಗುರಿ ಮುಟ್ಟದಿದ್ದರೆ ಏಟು ತಿನ್ನುತ್ತಾನೆ. ಆ ರಾತ್ರಿಯ ಸುಂದರಿಗೆ ಮೀಸೆ ಇದ್ದಿರಬಹುದೆಂದು ಪರಿಚಿತರಿಗೆ ಹೇಳಿದೆ. ಅವರು ಬೇಸರಪಟ್ಟುಕೊಂಡರು. ಹಣ ಹೋದದ್ದಕ್ಕಿಂತ ಇದಕ್ಕೇ ಹೆಚ್ಚು.

ವಂಚನೆ ತಪ್ಪಿಸಿಕೊಳ್ಳುವ ಶಾಸ್ತ್ರವೂ ಬೆಳೆದಿದೆ. ಗಿರಾಕಿಗಳು ಅದನ್ನು ಒಬ್ಬರಿಗೊಬ್ಬರು ಗುರುಮಂತ್ರದಂತೆ ಉಪದೇಶಿಸುತ್ತಾರೆ. ಫೋಟೊವನ್ನು ಗೂಗಲ್‌ನ ಚಿತ್ರಶೋಧಕ್ಕೆ ಹಾಕಿ ನೋಡು. ಒಂದೇ ಮುಖ ಮೂರು ಊರುಗಳಲ್ಲಿ ಮೂರು ಹೆಸರಿನಲ್ಲಿದ್ದರೆ ಓಡು. ಕೈಬೆರಳು ಎಣಿಸು, ಕೃತಕ ಬುದ್ಧಿಮತ್ತೆ ಬರೆದ ಸುಂದರಿಗೆ ಒಮ್ಮೊಮ್ಮೆ ಆರಿರುತ್ತವೆ. ಗಿಫ್ಟ್ ಕಾರ್ಡ್ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸು. ಇವೆಲ್ಲ ಸರಿಯೇ. ತೊಡಕಿರುವುದು ಮುಂಗಡದಲ್ಲಿ. ಮಾತುಕೊಟ್ಟು ಕೈಕೊಡುವ ಗಿರಾಕಿಗಳ ಕಾಟಕ್ಕೆ ಕಸುಬಿನಲ್ಲಿ ನಿಜವಾಗಿ ಇರುವವರೂ ಮುಂಗಡ ಕೇಳುತ್ತಾರೆ, ಜೀವಭಯಕ್ಕೆ ಗುರುತಿನ ಚೀಟಿ ಕೇಳುತ್ತಾರೆ. ವಂಚಕರು ಅದನ್ನೇ ನಕಲು ಮಾಡಿದ್ದಾರೆ. ಹೀಗಾಗಿ ಒಂದು ವಿಚಿತ್ರ ನಡೆಯುತ್ತದೆ: ಅಪರಿಚಿತನೆದುರು ಒಂಟಿಯಾಗಿ ನಿಲ್ಲಬೇಕಾದ ಹೆಂಗಸು ಹೆಸರು ಕೇಳಿದರೆ ಗಿರಾಕಿಯ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ. ಅದೇ ಮನುಷ್ಯ ‘ನೀವು ವಯಸ್ಕರೆಂದು ಉಚಿತವಾಗಿ ದೃಢೀಕರಿಸಿ’ ಎಂಬ ಪುಟ ತೆರೆದುಕೊಂಡರೆ ಕ್ರೆಡಿಟ್ ಕಾರ್ಡಿನ ಹದಿನಾರು ಅಂಕಿಗಳನ್ನೂ ಹಿಂಬದಿಯ ಮೂರು ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ತುಂಬುತ್ತಾನೆ. ಉಚಿತವಾದದ್ದಕ್ಕೆ ಕಾರ್ಡ್ ಏಕೆ ಎಂದು ಕೇಳುವ ವಿವೇಕವೆಲ್ಲ ಚಾರ್ಜರ್ ಕೊಳ್ಳುವಾಗಲೇ ಖರ್ಚಾಗಿರುತ್ತದೆ.

ಮೊನ್ನೆ ಪರಿಚಿತರು ಮತ್ತೆ ಸಿಕ್ಕರು, ಮುಖದಲ್ಲಿ ಕಳೆ ಬಂದಿತ್ತು. ಆನ್‌ಲೈನಿನಲ್ಲಿ ಕಳೆದುಕೊಂಡ ಹಣವನ್ನು ಗುಟ್ಟಾಗಿ ವಸೂಲಿ ಮಾಡಿಕೊಡುವ ವಕೀಲರೊಬ್ಬರು ತಾವಾಗಿಯೇ ಸಂದೇಶ ಕಳುಹಿಸಿದ್ದಾರಂತೆ. ಮೋಸಹೋದ ವಿಷಯ ಅವರಿಗೆ ಹೇಗೆ ತಿಳಿಯಿತು ಎಂದೆ. ‘ಅನುಭವಸ್ಥರು, ತಿಳಿದುಕೊಂಡಿರುತ್ತಾರೆ’ ಎಂದರು. ಮುಂಗಡ ಕೇಳಿದ್ದಾರೆಯೇ ಎಂದೆ. ‘ಅಲ್ಪ ಮೊತ್ತ. ರಸೀದಿಯನ್ನೂ ಕೊಡುತ್ತಾರೆ. ಈ ಸಲ ನಾನು ಹುಷಾರಾಗಿದ್ದೇನೆ, ಅವರ ಫೋಟೊವನ್ನು ಚಿತ್ರಶೋಧಕ್ಕೆ ಹಾಕಿಯೂ ನೋಡಿದೆ’ ಎಂದರು.

‘ಏನು ಬಂತು?’

‘ಬೇರೆ ಯಾವುದೋ ದೇಶದ ದಂತವೈದ್ಯರ ಜಾಹೀರಾತಿನಲ್ಲಿ ಅದೇ ಮುಖವಿದೆ’ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ‘ದಂತವೈದ್ಯರು ವಕೀಲಿ ಓದಬಾರದು ಎಂದೇನಿಲ್ಲವಲ್ಲ?’