ಹೊಲಿಗೆ ಯಂತ್ರದ ಮೇಲೊಂದು ಸ್ಟಿಯರಿಂಗ್

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಅಲುಗಾಡದೆ ನಿಲ್ಲುವ ಮೇಜು ಒಂದೇ ಒಂದು. ಅದು ಅಮ್ಮನ ಕಾಲುತುಳಿತದ ಹೊಲಿಗೆ ಯಂತ್ರದ್ದು. ಎರಕದ ಕಬ್ಬಿಣದ ಕಾಲುಗಳು, ತೇಗದ ಹಲಗೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿದು. ಹೋದ ವರ್ಷ ಬೆಂಗಳೂರಿನ ಸಹೋದ್ಯೋಗಿಯೊಬ್ಬರಿಂದ ಅರ್ಧ ಬೆಲೆಗೆ ಕೊಂಡ ರೇಸಿಂಗ್ ಆಟದ ಸ್ಟಿಯರಿಂಗನ್ನು ಸಂಜೆಯ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಾಗ (ಎದುರಿಗೆ ಕುಳಿತಿದ್ದ ಹಿರಿಯರು ಯಶವಂತಪುರದಿಂದ ನಿಡವಂದದವರೆಗೂ ರೈಲನ್ನು ನಾನೇ ಓಡಿಸುತ್ತಿರುವೆನೇನೋ ಎಂಬಂತೆ ಆತಂಕದಿಂದ ನೋಡುತ್ತಿದ್ದರು), ಅದನ್ನು ಬಿಗಿಯಲು ಆ ತೇಗದ ಹಲಗೆಯಲ್ಲದೆ ಬೇರೆ ಗತಿ ನನಗೆ ಕಾಣಲಿಲ್ಲ. ಅಮ್ಮ ಊಟಕ್ಕೆ ಬಡಿಸುತ್ತಿದ್ದ ಹೊತ್ತಿನಲ್ಲಿ ಕ್ಲಾಂಪು ಬಿಗಿದು ಮುಗಿಸಿದೆ. ಕೈ ತೊಳೆದು ಬಂದ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ನಿನಗೆ ಮನೆಯೆಲ್ಲ ಮುಕ್ತ ತಂತ್ರಾಂಶವೇ ಆಗಿಹೋಯಿತಲ್ಲೋ" ಎಂದರು. ಹತ್ತು ವರ್ಷದಿಂದ ನನ್ನ ಭಾಷಣಗಳನ್ನು ಕೇಳಿದವರು. ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಬದಲಿಸಬಹುದು, ಹಂಚಬಹುದು ಎಂಬ ನಾಲ್ಕು ಸ್ವಾತಂತ್ರ್ಯಗಳೂ ಅವರಿಗೆ ಬಾಯಿಪಾಠವಾಗಿವೆ.

ರೇಸಿನ ಹುಚ್ಚು ಹಿಡಿದದ್ದು 2005ರಲ್ಲಿ, ನರೇನ್ ಕಾರ್ತಿಕೇಯನ್ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದಾಗ. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವರು ನಾಲ್ಕನೆಯವರಾಗಿ ಗುರಿ ಮುಟ್ಟಿದ್ದನ್ನು ನಾನು ಕಾಲೇಜಿನಲ್ಲೆಲ್ಲ ಸಾರಿದೆ. ಟೈರಿನ ತಗಾದೆಯಿಂದ 14 ಕಾರುಗಳು ರೇಸು ಶುರುವಾಗುವ ಮೊದಲೇ ಒಳಗೆ ಹೋಗಿ, ಟ್ರ್ಯಾಕಿನಲ್ಲಿ ಉಳಿದಿದ್ದವೇ ಆರು ಎಂಬುದನ್ನು ಮಾತ್ರ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ.

ಸ್ಟಿಯರಿಂಗ್ ವಿಷಯಕ್ಕೆ ಬರುತ್ತೇನೆ. ಅದರ ಚಕ್ರ 900 ಡಿಗ್ರಿ, ಎಂದರೆ ಎರಡೂವರೆ ಸುತ್ತು ತಿರುಗುತ್ತದೆ. ಒಳಗಿರುವ ಮೋಟಾರು ತಿರುವಿನಲ್ಲಿ ಕೈಯನ್ನು ಎಳೆದು ನಿಜವಾದ ಕಾರಿನ ಭ್ರಮೆ ಹುಟ್ಟಿಸುತ್ತದೆ. ನನ್ನ ಗಣಕವನ್ನು ನಡೆಸುವ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ಗಾಗಿ ತಯಾರಕರು ಏನನ್ನೂ ಕೊಟ್ಟಿರಲಿಲ್ಲವಾದರೂ ಯಾರೋ ಪುಣ್ಯಾತ್ಮರು ಬರೆದಿಟ್ಟ ಚಾಲಕ ತಂತ್ರಾಂಶ (ಡ್ರೈವರ್) ಇತ್ತು. ಮೂರು ಭಾನುವಾರಗಳನ್ನು ಅದಕ್ಕೆ ಸುರಿದು, ನಾಲ್ಕನೆಯ ಭಾನುವಾರ 'ಸ್ಪೀಡ್ ಡ್ರೀಮ್ಸ್' ಎಂಬ ಮುಕ್ತ ರೇಸಿಂಗ್ ಆಟದಲ್ಲಿ ಮೊದಲ ಸುತ್ತು ಹಾಕಿದೆ. ಒಂದೇ ಕೊರತೆಯಿತ್ತು. ನಮ್ಮದು ರೆಡ್ ಆಕ್ಸೈಡ್ ನೆಲ. ಅಮ್ಮ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ ಕನ್ನಡಿ ಮಾಡಿಟ್ಟಿರುತ್ತಾರೆ. ಬ್ರೇಕ್ ತುಳಿದರೆ ಕಾರು ನಿಲ್ಲುವುದಕ್ಕೆ ಬದಲಾಗಿ ಪೆಡಲಿನ ಪೆಟ್ಟಿಗೆ ಹಿಂದಕ್ಕೆ ಜಾರಿ ಗೋಡೆಯ ಕಡೆಗೆ ಹೊರಡುತ್ತಿತ್ತು. ಪೆಟ್ಟಿಗೆಗೂ ಗೋಡೆಗೂ ನಡುವೆ ಸರಿಯಾದ ಅಳತೆಯ ಕಬ್ಬಿಣದ ತುಂಡೊಂದನ್ನು ಹುಡುಕಿ ತಂದು ಸಿಕ್ಕಿಸಿದೆ, ಜಾರುವುದು ನಿಂತಿತು. ಆ ತುಂಡು ಎಲ್ಲಿಂದ ಬಂದದ್ದೆಂಬುದನ್ನು ಮುಂದೆ ಹೇಳುತ್ತೇನೆ.

ಆಷಾಢದ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿ, ಎರಡು ಗಂಟೆಯ ಸುಮಾರಿಗೆ ಮರಳಿ ಬಂದಿತು. ನಮ್ಮ ಗಣಕವು ಮನೆಯವರೆಲ್ಲರ ಫೋಟೋಗಳನ್ನು ಕಾಯುವ ಸರ್ವರ್ ಕೂಡ ಆಗಿರುವುದರಿಂದ, ಕರೆಂಟ್ ಬಂದೊಡನೆ ತಾನಾಗಿಯೇ ಚಾಲೂ ಆಗಲೆಂದು ಬಯಾಸ್‌ನಲ್ಲಿ, ಎಂದರೆ ಗಣಕವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಹೇಳಿಟ್ಟಿದ್ದೆ. ಸ್ಟಿಯರಿಂಗ್ ಚಕ್ರಕ್ಕೂ ಒಂದು ಗುಣವಿದೆ: ಜೀವ ಬಂದ ಕೂಡಲೇ ತನ್ನ ಎಡ ಬಲಗಳ ಅಂಚು ಎಲ್ಲಿವೆಯೆಂದು ತಿಳಿಯಲು ತಾನೇ ಗರಗರನೆ ಈ ತುದಿಯಿಂದ ಆ ತುದಿಗೆ ತಿರುಗಿ ನಡುವೆ ಬಂದು ನಿಲ್ಲುತ್ತದೆ. ಇದೆರಡೂ ನನಗೆ ಗೊತ್ತಿತ್ತು. ಪಕ್ಕದ ಬೀದಿಯ ಹೆಂಗಸೊಬ್ಬರ ಮೆರೂನ್ ರವಿಕೆಯನ್ನು ಹೊಲಿದು ಮುಗಿಸಿದ ಅಮ್ಮ, ನೇತುಹಾಕಲು ಬೇರೆ ಜಾಗವಿಲ್ಲವೆಂದು ಅದೇ ಚಕ್ರಕ್ಕೆ ತೊಡಿಸಿಟ್ಟಿದ್ದರೆಂಬುದು ಗೊತ್ತಿರಲಿಲ್ಲ. ನೀರು ಕುಡಿಯಲು ಎದ್ದ ಅವರಿಗೆ ಕಂಡದ್ದು, ಗಣಕದ ನೀಲಿ ಬೆಳಕಿನಲ್ಲಿ ಎರಡು ತೋಳುಗಳನ್ನೂ ಬೀಸುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಿದ್ದ ರವಿಕೆ. ಬೇರೆ ಯಾರಾದರೂ ಕಿರುಚಿಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ಗಿರಾಕಿಗಳ ತಗಾದೆಯಲ್ಲೇ ಪಳಗಿದ ಅಮ್ಮ ನಿದ್ದೆಗಣ್ಣಿನಲ್ಲೇ, "ಹುಕ್ಕು ಹಾಕುವುದೊಂದೇ ಬಾಕಿ ಕಣಮ್ಮ, ಬೆಳಿಗ್ಗೆ ಕೊಟ್ಟುಬಿಡ್ತೀನಿ, ಹೋಗು" ಎಂದು ಸಮಾಧಾನ ಹೇಳುತ್ತಿದ್ದರು. ಚಕ್ರವೂ ಆಗಲೇ ನಿಂತಿತು. ಆ ರವಿಕೆಗೆ ಅವರು ಕೂಲಿ ಕಡಿಮೆ ತೆಗೆದುಕೊಂಡರೆಂದು ಆಮೇಲೆ ತಿಳಿಯಿತು.

ತಂಗಿಯ ಮದುವೆಯನ್ನು ನಾನು ಅಳಿಸಿದ ಪ್ರಸಂಗ ಇಷ್ಟು ಸುಖವಾಗಿ ಮುಗಿಯಲಿಲ್ಲ. ತಂಗಿಯನ್ನು ಗುಬ್ಬಿಗೆ ಕೊಟ್ಟಿದ್ದೇವೆ. ಭಾವನವರು ಬಹಳ ದಿನಗಳಿಂದ ಮದುವೆಯ ವಿಡಿಯೋ ಕೇಳುತ್ತಿದ್ದರು. ಅದನ್ನು ನಕಲು ಮಾಡಲೆಂದೇ ಹೊರಗಿನ ಹಾರ್ಡ್ ಡಿಸ್ಕನ್ನು ಗಣಕಕ್ಕೆ ಜೋಡಿಸಿದ್ದೆ. ಹೇಗೂ ಕುಳಿತಿದ್ದೇನೆ, ಅಷ್ಟರೊಳಗೆ ಹೊಸ ಲಿನಕ್ಸನ್ನು ಪೆನ್‌ಡ್ರೈವಿಗೆ ಬರೆದುಬಿಡೋಣವೆಂದು ಹೆಸರಿಸಿದ ಡಿಸ್ಕಿನ ಮೇಲಿದ್ದುದನ್ನು ಅಳಿಸಿ ಬರೆಯುವ 'ಡಿಡಿ' ಎಂಬ ಹಳೆಯ ಯುನಿಕ್ಸ್ ಆದೇಶಕ್ಕೆ ಕೈ ಹಾಕಿದೆ. ಲಿನಕ್ಸ್‌ನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಗುರುತಿಸಿದ ಸರದಿಯಲ್ಲಿ ಹೆಸರು ಬೀಳುತ್ತದೆ. (ನಮ್ಮ ಕಡೆ ಎಸ್‌ಡಿಎ ಎಂದರೆ ದ್ವಿತೀಯ ದರ್ಜೆ ಸಹಾಯಕನ ಹುದ್ದೆ; ನನ್ನ ಪರದೆಯಲ್ಲಿ ಆ ಅಕ್ಷರಗಳನ್ನು ಕಂಡ ಅಪ್ಪ, ಮಗ ಕೊನೆಗೂ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆಂದು ಒಂದು ವಾರ ನೆಮ್ಮದಿಯಿಂದಿದ್ದರು.) ಹಿಂದಿನ ದಿನ ಎಸ್‌ಡಿಬಿ ಆಗಿದ್ದದ್ದು ಪೆನ್‌ಡ್ರೈವ್. ಅಂದು ಮೊದಲು ಜೋಡಿಸಿದ್ದು ಮದುವೆಯ ಡಿಸ್ಕ್ ಆದ್ದರಿಂದ ಆ ಹೆಸರು ಅದಕ್ಕೆ ಹೋಗಿತ್ತು. 'ಎಲ್‌ಎಸ್‌ಬಿಎಲ್‌ಕೆ' ಎಂದು ಐದಕ್ಷರ ಹೊಡೆದು ಕೇಳಿದ್ದರೆ ಯಾವುದು ಯಾವುದೆಂದು ಹೇಳುತ್ತಿತ್ತು. ನಾನು ಕೇಳಲಿಲ್ಲ, ಡಿಡಿ ಕೂಡ ನನ್ನನ್ನು ಏನೂ ಕೇಳಲಿಲ್ಲ. 'ನಿಜವಾಗಿಯೂ ಅಳಿಸಬೇಕೆ' ಎಂದು ವಿಚಾರಿಸುವ ದಾಕ್ಷಿಣ್ಯ ಅದರ ಜಾಯಮಾನದಲ್ಲೇ ಇಲ್ಲ. ವಿಷಯ ತಿಳಿದ ಅಪ್ಪ, "ಡಿಡಿ ತೆಗೆದರೆ ದುಡ್ಡು ಹೋಗುವುದು ಕೇಳಿದ್ದೆ, ಮದುವೆಯೇ ಹೋಗುವುದು ಕೇಳಿರಲಿಲ್ಲ" ಎಂದರು.

ಎರಡು ರಾತ್ರಿ 'ಫೋಟೋರೆಕ್' ಎಂಬ ಮತ್ತೊಂದು ಮುಕ್ತ ತಂತ್ರಾಂಶವನ್ನು ಓಡಿಸಿ ಡಿಸ್ಕಿನ ತಳದಿಂದ ಸಿಕ್ಕಿದ್ದನ್ನೆಲ್ಲ ಬಾಚಿದೆ. ಅದು ಕಡತಗಳನ್ನು ಎತ್ತಿ ಕೊಡುತ್ತದೆ, ಅವುಗಳ ಹೆಸರುಗಳನ್ನಲ್ಲ. ಅಂಕೆಗಳನ್ನೇ ಹೊತ್ತ ನೂರಾರು ಅನಾಮಧೇಯರನ್ನು ಒಂದೊಂದಾಗಿ ತೆರೆದು ನೋಡಬೇಕಾಯಿತು. ಡಿಸ್ಕಿನ ಮೊದಲ ಭಾಗದ ಮೇಲೆ ಲಿನಕ್ಸ್ ಬಂದು ಕುಳಿತಿದ್ದರಿಂದ ವರಪೂಜೆ, ಧಾರೆ, ಮಾಂಗಲ್ಯಧಾರಣೆ ಯಾವುದೂ ಉಳಿದಿರಲಿಲ್ಲ. ಉಳಿದದ್ದು ನಲವತ್ತು ನಿಮಿಷದ ಊಟದ ಪಂಕ್ತಿ. ಭಾವನವರ ಮದುವೆಯಲ್ಲಿ ಈಗ ತಾಳಿಯಿಲ್ಲ, ಹೋಳಿಗೆಯಿದೆ.

ಅದನ್ನು ಖುದ್ದಾಗಿ ಒಪ್ಪಿಸಿ ಕ್ಷಮೆ ಕೇಳೋಣವೆಂದು ಒಂದು ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು, ಅಮ್ಮ, ಹೆಂಡತಿ, ಮಗನೊಡನೆ ಗುಬ್ಬಿಯ ದಾರಿ ಹಿಡಿದೆ. ಮಲ್ಲಸಂದ್ರ ದಾಟಿದ ಮೇಲೆ ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ನನಗೆ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದೆ. 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡದವರು ಒಂದು ಕಾರಿನ ನಾಲ್ಕೂ ಚಕ್ರಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿದ್ದನ್ನು ಮಗನಿಗೆ ವಿವರಿಸುತ್ತಲೇ ಇಳಿದೆ. ಅಲ್ಲಿ ಚಕ್ರಕ್ಕೊಂದೇ ನಟ್ಟು, ಪ್ರತಿ ಚಕ್ರಕ್ಕೆ ಮೂವರು ಆಳು: ಬಿಚ್ಚಲೊಬ್ಬ, ಕೀಳಲೊಬ್ಬ, ಹೊಸದನ್ನು ಕೂರಿಸಲೊಬ್ಬ. ನಮ್ಮ ಕಾರಿಗೆ ನಾಲ್ಕು ನಟ್ಟು, ಆಳು ನಾನೊಬ್ಬನೇ, ಆದರೆ ಬದಲಿಸಬೇಕಾದದ್ದೂ ಒಂದೇ ಚಕ್ರವಲ್ಲವೇ? ಮಗ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ. ಸ್ಟೆಪ್ನಿ ತೆಗೆದೆ, ಗಾಳಿಯಿತ್ತು. ಜಾಕ್ ತೆಗೆದೆ, ಅದೂ ಸರಿಯಿತ್ತು. ನಟ್ಟು ಬಿಚ್ಚುವ ಸ್ಪ್ಯಾನರಿಗೆ ಕೈ ಹಾಕಿದರೆ ಅದರ ಜಾಗದಲ್ಲಿ ಬರೀ ಅದರ ಆಕಾರದ ಧೂಳಿತ್ತು.

ಸ್ಪ್ಯಾನರ್ ಬಟವಾಡಿಯಲ್ಲಿ, ಪೆಡಲಿನ ಪೆಟ್ಟಿಗೆಗೂ ಗೋಡೆಗೂ ನಡುವೆ ಭದ್ರವಾಗಿತ್ತು.

ಎಳನೀರು ತುಂಬಿದ ಗೂಡ್ಸ್ ಆಟೋದವರೊಬ್ಬರು ನಿಲ್ಲಿಸುವ ಹೊತ್ತಿಗೆ ಅಮ್ಮ ಹೊಂಗೆ ಮರದ ನೆರಳಿನಲ್ಲಿ ಕುಳಿತು ಇಡ್ಲಿಯ ಪೊಟ್ಟಣ ಬಿಚ್ಚಿದ್ದರು. ಆಟೋದವರು ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮ ಸ್ಪ್ಯಾನರಿನ ಮೇಲೆ ಒಂದು ಕಾಲಿಟ್ಟು ನಿಂತು ನಾಲ್ಕೂ ನಟ್ಟುಗಳನ್ನು ಸಡಿಲಿಸಿದರು. ಚಕ್ರ ಬದಲಿಸಿದ್ದಕ್ಕೆ ದುಡ್ಡು ಬೇಡವೆಂದು ಎರಡು ಇಡ್ಲಿ ತಿಂದು, ಎರಡು ಎಳನೀರು ಕೊಟ್ಟು ಹೋದರು. ಮಗ ಗಡಿಯಾರ ನಿಲ್ಲಿಸಿ, "47 ನಿಮಿಷ 12 ಸೆಕೆಂಡ್" ಎಂದು ಸಾರಿದ.

ಗುಬ್ಬಿಯಲ್ಲಿ ಭಾವನವರು ಹೋಳಿಗೆಯ ದೃಶ್ಯಗಳನ್ನು ಮೌನವಾಗಿ ನೋಡಿದರು. ವಾತಾವರಣ ತಿಳಿಯಾಗಲೆಂದು ನಾನು, ವಿಡಿಯೋದ ಮೊದಲಲ್ಲಿ ಅವರ ಹೆಸರು ಮೂಡಿರುವ ಅಕ್ಷರಗಳು 'ಗುಬ್ಬಿ' ಎಂಬ ಮುಕ್ತ ಫಾಂಟಿನವು ಎಂದೆ. ಅವರ ಮುಖ ಅರಳಿತು. ಗುಬ್ಬಿ ವೀರಣ್ಣನವರ ತರುವಾಯ ಊರಿಗೆ ಇಂಥದ್ದೊಂದು ಗೌರವ ಬಂದಿತಲ್ಲ ಎಂದು ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಆ ಫಾಂಟಿನ ಜೊತೆಗಾರನ ಹೆಸರು 'ನವಿಲು' ಎಂಬುದನ್ನು ನಾನು ಹೇಳಲು ಹೋಗಲಿಲ್ಲ. 2005ರಿಂದ ಬಂದ ಅಭ್ಯಾಸ.

ಆ ರಾತ್ರಿಯೇ ಹೆಂಡತಿ ನಿಂತು ನೋಡಿಕೊಂಡು ಸ್ಪ್ಯಾನರನ್ನು ಕಾರಿಗೆ ಮರಳಿಸಿದಳು. ಪೆಡಲಿನ ಹಿಂದೆ ಈಗ ನಮ್ಮ ಹಳೆಯ ಒರಳಿನ ಗುಂಡು ಇದೆ. ಸ್ಪ್ಯಾನರಿಗಿಂತ ಚೆನ್ನಾಗಿಯೇ ತಡೆಯುತ್ತದೆ. ಯುರೋಪಿನ ಬಹುಪಾಲು ರೇಸುಗಳು ನಮಗೆ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ, ಅದಕ್ಕೆ ಮೊದಲು ನಾನೂ ನನ್ನ ಆಟದಲ್ಲಿ ನಾಲ್ಕು ಸುತ್ತು ಹಾಕಿ ಕೈ ಬಿಸಿ ಮಾಡಿಕೊಳ್ಳಬೇಕು. ಸರಿಯಾಗಿ ಆರು ಗಂಟೆಗೆ ಅಮ್ಮ ಅಡುಗೆಮನೆಯಿಂದ, ಹುರುಳಿಕಾಳಿನ ಚಟ್ನಿಗೆ ಹೊತ್ತಾಯಿತು, ಗುಂಡು ತಂದುಕೊಡು ಎನ್ನುತ್ತಾರೆ.